ಕಡ್ಡಾಯ ಆರೋಗ್ಯ ವಿಮೆಯನ್ನು ಟ್ಯಾಕ್ಸ್ ಬಿಲ್‌ನಲ್ಲಿ ಬದಲಾಯಿಸುವುದು ಸರಿನಾ?

ಎಡಿಸನ್ ಕನ್ನಡಿಗ

ಎಲ್ಲರಿಗೂ ನಮಸ್ಕಾರ. ನನ್ನ ಭಾವಮೈದ ಡಲ್ಲಾಸ್‌ನಿಂದ ನ್ಯೂಜೆರ್ಸಿಗೆ ಬಂದ. ಇಲ್ಲಿ ಕಾಂಟ್ರಾಕ್ಟ್ ಕೆಲಸ, ಕಂಪನಿ ಇನ್ಶೂರೆನ್ಸ್ ಇಲ್ಲ. "ಒಬಾಮಾಕೇರ್ ದಂಡ ಟ್ರಂಪ್ ತೆಗೆದುಹಾಕಿ ಎಷ್ಟು ವರ್ಷ ಆಯಿತು" ಅಂತ ಹೇಳಿಕೊಂಡು ಇನ್ಶೂರೆನ್ಸ್ ಇಲ್ಲದೇ ಆರಾಮಾಗಿ ಇದ್ದ. (ಒಬಾಮಾಕೇರ್ ಅಂದರೆ ಎಲ್ಲರೂ ಆರೋಗ್ಯ ವಿಮೆ ತಗೊಳ್ಳಲೇಬೇಕು, ಇಲ್ಲದಿದ್ದರೆ ದಂಡ ಅಂದ 2010ರ ಅಮೆರಿಕದ ಫೆಡರಲ್, ಅಂದರೆ ಕೇಂದ್ರದ, ಕಾನೂನು.) ಈಗ ರಾಜ್ಯದ ರಿಟರ್ನ್ ತುಂಬಲು ಕೂತರೆ ಸಾಫ್ಟ್‌ವೇರ್ ದಂಡ ತೋರಿಸುತ್ತಿದೆ. ಫೆಡರಲ್ ದಂಡ ಹೋದ ಮೇಲೆ ನ್ಯೂಜೆರ್ಸಿ ತನ್ನದೇ ದಂಡ ಹಾಕಿಕೊಂಡಿದೆ ಅಂತ ಅವನಿಗೆ ಗೊತ್ತೇ ಇರಲಿಲ್ಲ.

ಅವನ ವಿಷಯ ಹೇಗೋ ಸರಿಮಾಡುತ್ತೇವೆ. ರಾತ್ರಿ ಊಟದ ಹೊತ್ತಿಗೆ ನಮ್ಮಿಬ್ಬರಿಗೂ ಜಗಳ ಹತ್ತಿದ್ದು ಬೇರೆ ವಿಷಯಕ್ಕೆ. 2017ರಲ್ಲಿ ಫೆಡರಲ್ ದಂಡ ಹೋಗಿದ್ದು ಆರೋಗ್ಯದ ಕಾನೂನಿನಿಂದ ಅಲ್ಲ. ಕಾರ್ಪೊರೇಟ್ ತೆರಿಗೆ ಇಳಿಸಿದ ಟ್ಯಾಕ್ಸ್ ಬಿಲ್‌ನೊಳಗೆ ಒಂದು ಸೆಕ್ಷನ್ ಆಗಿ ಹೋಯಿತು. ಇದು ಸರಿಯಾದ ದಾರಿನಾ? ಕೋಟ್ಯಂತರ ಜನರ ಆಸ್ಪತ್ರೆ ಖರ್ಚಿನ ವಿಷಯವನ್ನು ಟ್ಯಾಕ್ಸ್ ಬಿಲ್‌ನಲ್ಲಿ ಸೇರಿಸಿ ಮುಗಿಸಬಹುದಾ? ಅವನು ಬಹುದು ಅನ್ನುತ್ತಾನೆ, ನಾನು ಬಾರದು ಅನ್ನುತ್ತೇನೆ. ನೀವೇನಂತೀರಿ?

ಲೆಕ್ಕದ ಬುಕ್ಕು

ಈ ಬಾರಿ ನಿಮ್ಮ ಭಾವಮೈದನ ಕಡೆ ನಾನು. ಹದಿನೈದು ವರ್ಷದಿಂದ ಫ್ರೀಮಾಂಟ್‌ನಲ್ಲಿ ಟ್ಯಾಕ್ಸ್ ಮಾಡಿಕೊಡುತ್ತಿದ್ದೇನೆ. ಆ ದಂಡ ಇದ್ದಾಗ ತೆರಿಗೆ ರಿಟರ್ನಿನ 1040 ಫಾರ್ಮಿನ 61ನೇ ಸಾಲಿನಲ್ಲಿ ಕೂತಿತ್ತು. ವಸೂಲಿ ಮಾಡುತ್ತಿದ್ದದ್ದು ಫೆಡರಲ್ ತೆರಿಗೆ ಇಲಾಖೆ, ಅಂದರೆ ಐಆರ್‌ಎಸ್. 2012ರ ಜೂನ್ 28ಕ್ಕೆ ಸುಪ್ರೀಂ ಕೋರ್ಟ್ ಒಬಾಮಾಕೇರ್ ಉಳಿಸಿದ್ದು ಯಾವ ಆಧಾರದ ಮೇಲೆ? ಜನರ ಕೈಲಿ ಬಲವಂತವಾಗಿ ವಿಮೆ ಕೊಳ್ಳಿಸುವ ಅಧಿಕಾರ ಸಂಸತ್ತಿಗೆ ಇಲ್ಲ, ಆದರೆ ಕೊಳ್ಳದವರ ಮೇಲೆ ತೆರಿಗೆ ಹಾಕುವ ಅಧಿಕಾರ ಇದೆ ಅಂತ ಮುಖ್ಯ ನ್ಯಾಯಮೂರ್ತಿ ರಾಬರ್ಟ್ಸ್ ಬರೆದರು. 5-4 ತೀರ್ಪು. ತೆರಿಗೆ ಅನ್ನುವ ಕಾರಣಕ್ಕೇ ಬದುಕಿದ್ದನ್ನು ತೆರಿಗೆ ಬಿಲ್‌ನಲ್ಲಿ ಬದಲಾಯಿಸಬಾರದು ಅಂದರೆ ಹೇಗೆ?

ಆಸ್ಟಿನ್ ಅತ್ತೆ

ಪಾಸ್ ಮಾಡಿಸುವಾಗ "ಇದು ತೆರಿಗೆಯೇ ಅಲ್ಲ" ಅಂತ ಒಬಾಮಾ ಟಿವಿಯಲ್ಲಿ ಹೇಳಿದರು. ಕೋರ್ಟಿಗೆ ಹೋದಾಗ ಅವರ ವಕೀಲರು "ತೆರಿಗೆ ಸ್ವಾಮಿ" ಅಂದರು. ಅಷ್ಟೇ ಕಥೆ.

ನೈಟ್ ಶಿಫ್ಟ್ ನರ್ಸ್

ಬುಕ್ಕು ಸಾರ್, ವಸೂಲಿ ಎಲ್ಲಾದರೂ ಆಗಲಿ. ಅದು ಯಾಕೆ ಇತ್ತು ಅನ್ನುವುದು ಮುಖ್ಯ ಅಲ್ವಾ?

ನಾನು ಓಹಾಯೋದಲ್ಲಿ ಎಮರ್ಜೆನ್ಸಿ ನರ್ಸ್. ಒಂದು ರಾತ್ರಿ ಮೂವತ್ತರ ಒಳಗಿನ ಹುಡುಗ ಹೊಟ್ಟೆ ಹಿಡಿದುಕೊಂಡು ಬಂದ. ಅಪೆಂಡಿಕ್ಸ್. ಬಲಗಡೆ ಕೆಳಗೆ ಕೈ ಇಟ್ಟು ಬಿಟ್ಟ ಕೂಡಲೇ ಕಿರುಚಿದ. ಆದರೂ ಸ್ಕ್ಯಾನ್‌ಗೆ ಕರೆದುಕೊಂಡು ಹೋಗಲು ಬಿಡಲೊಲ್ಲ. "ಇದಕ್ಕೆ ಎಷ್ಟಾಗುತ್ತೆ? ಅದಕ್ಕೆ ಎಷ್ಟಾಗುತ್ತೆ?" ಅಂತ ಒಂದೊಂದಕ್ಕೂ ರೇಟ್ ಕೇಳುತ್ತಿದ್ದ. ಮಣಿಕಟ್ಟಿಗೆ ಹಾಕಿದ ಪಟ್ಟಿಯನ್ನು ಉಗುರಿನಲ್ಲಿ ಕೀಳುತ್ತಾ, "ಹಾಗಾದರೆ ಬೆಳಗ್ಗೆವರೆಗೂ ನೋಡೋಣ" ಅಂದ. ಡಾಕ್ಟರು ಗದರಿಸಿ ಒಳಗೆ ಕಳಿಸಿದರು. ಇನ್ಶೂರೆನ್ಸ್ ಇರಲಿಲ್ಲ.

1986ರಿಂದ ಇಲ್ಲಿ ಕಾನೂನಿದೆ. ಎಮರ್ಜೆನ್ಸಿಗೆ ಬಂದವರನ್ನು ದುಡ್ಡಿಲ್ಲ ಅಂತ ವಾಪಸ್ ಕಳಿಸುವ ಹಾಗಿಲ್ಲ. ರೇಗನ್ ಸಹಿ ಹಾಕಿದ ಕಾನೂನು ಅದು. ಅವನು ಕಟ್ಟದಿದ್ದರೆ ಆ ಹಣ ನಿಮ್ಮ ನಮ್ಮ ಬಿಲ್ಲಿಗೆ ಸುತ್ತಿ ಬರುತ್ತದೆ. ಅದಕ್ಕೇ ಎಲ್ಲರೂ ತಗೊಳ್ಳಲೇಬೇಕು ಅಂತ ಮಾಡಿದ್ದು. ದಂಡ ಸೊನ್ನೆ ಮಾಡಿ ಕಡ್ಡಾಯ ಅಂದರೆ ಏನರ್ಥ? ಬೆಂಗಳೂರಿನಲ್ಲಿ ಹೆಲ್ಮೆಟ್ ಕಡ್ಡಾಯ, ಆದರೆ ದಂಡ ಇಲ್ಲ ಅಂತ ಬೋರ್ಡ್ ಹಾಕಿ ನೋಡಿ, ಎಷ್ಟು ಜನ ಹಾಕುತ್ತಾರೆ ಅಂತ.

ಹುಬ್ಳಿ ಹುಡ್ಗ

ಅಕ್ಕಾರ, ಬೇಜಾರು ಮಾಡಿಕೊಳ್ಳಬೇಡ್ರಿ. ಆ ದಂಡ ಕಟ್ಟಿದವರಲ್ಲಿ ನಾನೂ ಒಬ್ಬ.

2016ರಲ್ಲಿ ಸ್ವಂತ ವ್ಯಾನ್ ಇಟ್ಟುಕೊಂಡು ಡೆಲಿವರಿ ಮಾಡುತ್ತಿದ್ದೆ. ಅತಿ ಅಗ್ಗದ ಬ್ರಾಂಝ್ ಪ್ಲಾನ್ ನೋಡಿದೆ. ತಿಂಗಳ ಪ್ರೀಮಿಯಂ ಕಟ್ಟಿಯೂ, ಡಿಡಕ್ಟಬಲ್ ಅಂತ ಮೊದಲ ಆರು ಸಾವಿರ ಡಾಲರ್ ನನ್ನ ಜೇಬಿನಿಂದಲೇ ಹೋಗಬೇಕು. ದಂಡ ಎಷ್ಟು? 695 ಡಾಲರ್ ಅಥವಾ ಆದಾಯದ 2.5%, ಯಾವುದು ಜಾಸ್ತಿಯೋ ಅದು. ದಂಡಾನೇ ಅಗ್ಗ ಅಂತ ಅದನ್ನೇ ಕಟ್ಟಿದೆ. ಇನ್ಶೂರೆನ್ಸೂ ಇಲ್ಲ, ದುಡ್ಡೂ ಹೋಯಿತು. ದೊಡ್ಡ ಪಗಾರದವರಿಗೆ ಕಂಪನಿಯೇ ಕೊಡುತ್ತದೆ. ದಂಡ ಬೀಳುತ್ತಿದ್ದುದು ನಮ್ಮಂಥವರಿಗೆ. ಕಟ್ಟಿದವರಲ್ಲಿ ಹೆಚ್ಚಿನವರು ವರ್ಷಕ್ಕೆ 50,000 ಡಾಲರ್ ಒಳಗೆ ದುಡಿಯುವವರು. ಅದನ್ನು ತೆಗೆದದ್ದು ಟ್ಯಾಕ್ಸ್ ಬಿಲ್ ಆದರೇನು, ಪಂಚಾಯ್ತಿ ಠರಾವು ಆದರೇನು?

ಸಿಂಗಾಪುರ ಸುಬ್ಬು

2016ರಲ್ಲಿ ನೀವು ಸ್ಟೂಡೆಂಟ್ ವೀಸಾದಲ್ಲಿ ಇದ್ದಿರಾ? ಹಾಗಿದ್ದರೆ ದಂಡ ಕಟ್ಟಬೇಕಾಗಿಯೇ ಇರಲಿಲ್ಲ.

ಹುಬ್ಳಿ ಹುಡ್ಗ

ಗ್ರೀನ್ ಕಾರ್ಡ್ ರೀ. ಸ್ಟೂಡೆಂಟ್ ವೀಸಾದಲ್ಲಿ ವ್ಯಾನ್ ಓಡಿಸಿದರೆ ಹುಬ್ಳಿಗೇ ಕಳಿಸುತ್ತಿದ್ದರು.

ಲೆಕ್ಕದ ಬುಕ್ಕು

ಸುಬ್ಬು ಹೇಳಿದ್ದು ಎಫ್-1ನವರಿಗೆ ಸರಿ. ಮೊದಲ ಐದು ಕ್ಯಾಲೆಂಡರ್ ವರ್ಷ ಟ್ಯಾಕ್ಸ್ ಲೆಕ್ಕದಲ್ಲಿ ಅವರು ನಾನ್ ರೆಸಿಡೆಂಟ್, ಅವರಿಗೆ ವಿನಾಯಿತಿ ಇತ್ತು. ಎಚ್-1ಬಿ ಅನ್ನುವ ಕೆಲಸದ ವೀಸಾ, ಗ್ರೀನ್ ಕಾರ್ಡ್‌ನವರಿಗೆ ಇರಲಿಲ್ಲ.

ಇನ್ನೊಂದು ವಿಷಯ. ಆ ದಂಡ ಕಟ್ಟದಿದ್ದರೂ ಐಆರ್‌ಎಸ್ ನಿಮ್ಮ ಮನೆ ಜಪ್ತಿ ಮಾಡುವ ಹಾಗಿರಲಿಲ್ಲ, ಕ್ರಿಮಿನಲ್ ಕೇಸ್ ಹಾಕುವ ಹಾಗೂ ಇರಲಿಲ್ಲ. ರಿಫಂಡ್ ಇದ್ದರೆ ಅದರಲ್ಲಿ ಹಿಡಿದುಕೊಳ್ಳಬಹುದಿತ್ತು, ಅಷ್ಟೇ. ಆದರೆ ನನ್ನ ಬಳಿ ಬರುತ್ತಿದ್ದ ಜನ ಹೆದರಿ ಕಟ್ಟುತ್ತಿದ್ದರು.

ಕೂಪರ್ಟಿನೊ ಕಿಟ್ಟಿ

ನನಗೊಂದು ಅರ್ಥ ಆಗುತ್ತಿಲ್ಲ. ದಂಡದಿಂದ ಸರ್ಕಾರಕ್ಕೆ ದುಡ್ಡು ಬರುತ್ತಿತ್ತು. ಅದನ್ನು ತೆಗೆದರೆ ಖಜಾನೆಗೆ ನಷ್ಟ. ತೆರಿಗೆ ಕಡಿಮೆ ಮಾಡುವ ಬಿಲ್‌ನಲ್ಲಿ ಇನ್ನೊಂದು ನಷ್ಟ ಯಾಕೆ ಸೇರಿಸಿದರು?

ಸೆನೆಟ್ ಶಾಸ್ತ್ರಿ

ಕಿಟ್ಟಿ, ಕೇಳಬೇಕಾದ ಪ್ರಶ್ನೆ ಇದೇ. ಲೆಕ್ಕ ಉಲ್ಟಾ ಇದೆ. ದಂಡ ತೆಗೆದರೆ ಸರ್ಕಾರಕ್ಕೆ ಉಳಿತಾಯ.

ದಂಡದ ಭಯ ಇಲ್ಲದಿದ್ದರೆ ಒಂದಷ್ಟು ಜನ ವಿಮೆ ಬಿಡುತ್ತಾರೆ, ಒಂದಷ್ಟು ಜನ ಅರ್ಜಿಯನ್ನೇ ಹಾಕುವುದಿಲ್ಲ. ಅವರಲ್ಲಿ ಬಹಳ ಜನಕ್ಕೆ ಸರ್ಕಾರ ಸಬ್ಸಿಡಿ ಕೊಡುತ್ತಿತ್ತು, ಇಲ್ಲವೇ ಅವರಿಗೆ ಬಡವರ ಸರ್ಕಾರಿ ವಿಮೆ ಮೆಡಿಕೈಡ್ ಸಿಗುತ್ತಿತ್ತು. ಅವರು ಬರದಿದ್ದರೆ ಆ ಖರ್ಚು ಇಲ್ಲ. ಸಂಸತ್ತಿನ ಬಜೆಟ್ ಕಚೇರಿ ಸಿಬಿಒ 2017ರ ನವೆಂಬರ್‌ನಲ್ಲಿ ಕೊಟ್ಟ ಲೆಕ್ಕ ಇದು: ಹತ್ತು ವರ್ಷದಲ್ಲಿ ಸರ್ಕಾರಕ್ಕೆ 338 ಬಿಲಿಯನ್ ಡಾಲರ್ ಉಳಿತಾಯ. 2019ರಲ್ಲಿ 40 ಲಕ್ಷ ಜನ, 2027ರ ಹೊತ್ತಿಗೆ 1 ಕೋಟಿ 30 ಲಕ್ಷ ಜನ ವಿಮೆ ಇಲ್ಲದವರ ಪಟ್ಟಿಗೆ ಸೇರುತ್ತಾರೆ. ಸ್ವಂತವಾಗಿ ವಿಮೆ ಕೊಳ್ಳುವವರ ಪ್ರೀಮಿಯಂ ಸುಮಾರು 10% ಏರುತ್ತದೆ.

ಈಗ ಆ ವರ್ಷದ ಟ್ಯಾಕ್ಸ್ ಬಿಲ್ ನೋಡಿ. ಕಾರ್ಪೊರೇಟ್ ತೆರಿಗೆ 35ರಿಂದ 21%ಕ್ಕೆ ಇಳಿಯಬೇಕು. ಆದರೆ ಕೊರತೆ ಹತ್ತು ವರ್ಷದಲ್ಲಿ 1.5 ಟ್ರಿಲಿಯನ್ ಡಾಲರ್ ದಾಟಬಾರದು ಅಂತ ಬಿಲ್ ತಂದ ರಿಪಬ್ಲಿಕನ್ನರೇ ಮಿತಿ ಹಾಕಿಕೊಂಡಿದ್ದರು. ಲೆಕ್ಕ ಹೊಂದುತ್ತಿರಲಿಲ್ಲ. ಆಗ ಈ 338 ಬಿಲಿಯನ್ ಕಣ್ಣಿಗೆ ಬಿತ್ತು. ಅಂದರೆ ವಿಮೆ ಕಡ್ಡಾಯ ಇರಬೇಕಾ ಬೇಡವಾ ಅಂತ ಯೋಚನೆ ಮಾಡಿ ತೆಗೆದದ್ದಲ್ಲ. ಕಂಪನಿ ತೆರಿಗೆ ಇಳಿಸಲು ದುಡ್ಡು ಹೊಂದಿಸಬೇಕಿತ್ತು, ಅದಕ್ಕೆ ತೆಗೆದರು. ನನ್ನ ತಕರಾರು ಇಷ್ಟೇ.

ಲೆಕ್ಕದ ಬುಕ್ಕು

ತೆಗೆಯುವುದು ಅವರ ಪಕ್ಷದ ಹಳೆಯ ಬೇಡಿಕೆ ಶಾಸ್ತ್ರಿಗಳೇ. 2010ರಿಂದ ಪ್ರತಿ ಚುನಾವಣೆಯಲ್ಲೂ ಹೇಳಿಕೊಂಡೇ ಬಂದಿದ್ದರು. ದುಡ್ಡೂ ಉಳಿಯಿತು ಅನ್ನಿ, "ದುಡ್ಡಿಗಾಗಿಯೇ" ಅನ್ನಬೇಡಿ.

ಸೆನೆಟ್ ಶಾಸ್ತ್ರಿ

ಸರಿ, ಹಾಗಾದರೆ ಇದಕ್ಕೆ ಉತ್ತರ ಹೇಳಿ. 2017ರ ಜುಲೈ 28ರ ನಸುಕಿನಲ್ಲಿ ಸಂಸತ್ತಿನ ಮೇಲ್ಮನೆ ಸೆನೆಟ್‌ನಲ್ಲಿ ಸೆನೆಟರ್ ಮಕೇನ್ ಹೆಬ್ಬೆರಳು ಕೆಳಗೆ ಮಾಡಿದ ವಿಡಿಯೋ ಎಲ್ಲರೂ ನೋಡಿದ್ದೀರಿ. 49-51ರಲ್ಲಿ ಬಿದ್ದ ಆ ಆರೋಗ್ಯದ ಬಿಲ್‌ನಲ್ಲಿ ಮುಖ್ಯವಾಗಿ ಇದ್ದದ್ದೇನು? ಇದೇ ದಂಡವನ್ನು ಸೊನ್ನೆ ಮಾಡುವುದು! ಆ ದಿನ ಬೇಡ ಅಂದ ಮೂವರು ರಿಪಬ್ಲಿಕನ್ನರು ಮಕೇನ್, ಕಾಲಿನ್ಸ್, ಮರ್ಕೌಸ್ಕಿ. ನಾಲ್ಕು ತಿಂಗಳ ನಂತರ, ಡಿಸೆಂಬರ್ 2ಕ್ಕೆ, ಅದೇ ಸೊನ್ನೆ ಟ್ಯಾಕ್ಸ್ ಬಿಲ್‌ನೊಳಗೆ ಬಂತು. ಮೂವರೂ ಹೌದು ಅಂದರು.

ಆರೋಗ್ಯದ ಬಿಲ್ ಅಂತ ಬಂದಾಗ ಬಿದ್ದುಹೋದದ್ದು ತೆರಿಗೆ ಬಿಲ್‌ನಲ್ಲಿ ಪಾಸಾಯಿತು. ಯಾಕೆಂದರೆ ಅಲ್ಲಿ ಮತ ಹಾಕುವವನು ತೂಗುವುದು ಇಡೀ ಕಟ್ಟನ್ನು. ನಮ್ಮ ರಾಜ್ಯಕ್ಕೆ ಏನು ಸಿಕ್ಕಿತು, ನಮ್ಮ ಕಂಪನಿಗಳಿಗೆ ಏನು ಸಿಕ್ಕಿತು ಅಂತ. ಒಳಗಿನ ಒಂದು ಸೆಕ್ಷನ್‌ಗಾಗಿ ಯಾರೂ ಇಡೀ ಬಿಲ್ ಬೀಳಿಸುವುದಿಲ್ಲ. ಮರ್ಕೌಸ್ಕಿಯವರ ಅಲಾಸ್ಕಾಗೆ ಅದೇ ಬಿಲ್‌ನಲ್ಲಿ ಎಣ್ಣೆ ಬಾವಿ ಕೊರೆಯುವ ಅನುಮತಿಯೂ ಇತ್ತು ಅನ್ನುವುದು ನೆನಪಿರಲಿ.

ಆಸ್ಟಿನ್ ಅತ್ತೆ

ಒಬಾಮಾಕೇರ್‌ನ ಕೊನೆಯ ಭಾಗ ಪಾಸ್ ಆಗಿದ್ದೂ ಇದೇ ಬಜೆಟ್ ದಾರಿಯಲ್ಲೇ ಅಲ್ವಾ, 2010ರ ಮಾರ್ಚ್‌ನಲ್ಲಿ? ಆಗ ನಿಮಗೆ ಬೇಜಾರಾಗಿತ್ತಾ?

ಸೆನೆಟ್ ಶಾಸ್ತ್ರಿ

ತಿದ್ದುಪಡಿ ಮಾತ್ರ ಆ ದಾರಿಯಲ್ಲಿ. ಮೂಲ ಕಾನೂನು 2009ರ ಕ್ರಿಸ್ಮಸ್ ಹಿಂದಿನ ದಿನ 60 ಮತದಲ್ಲಿ ಸೆನೆಟ್ ದಾಟಿತ್ತು. ಅದಕ್ಕೆ ಮುಂಚೆ ಕಮಿಟಿಗಳಲ್ಲಿ ತಿಂಗಳುಗಟ್ಟಲೆ ಚರ್ಚೆ ಆಗಿತ್ತು. ಆದರೂ ನಿಮ್ಮ ಮಾತಿನಲ್ಲಿ ಅರ್ಥ ಇದೆ ಅತ್ತೆ, ಎರಡೂ ಪಕ್ಷದವರು ಈ ದಾರಿ ಹಿಡಿಯುತ್ತಾರೆ.

ಗೊತ್ತಿಲ್ಲದವರಿಗೆ: ಸೆನೆಟ್‌ನಲ್ಲಿ ಮಾಮೂಲಿ ಬಿಲ್‌ಗೆ 60 ಮತ ಇಲ್ಲದಿದ್ದರೆ ಚರ್ಚೆಯೇ ಮುಗಿಯುವುದಿಲ್ಲ. ಬಜೆಟ್ ದಾರಿಯಲ್ಲಿ ಹೋದರೆ 51 ಸಾಕು, 2017ರ ಟ್ಯಾಕ್ಸ್ ಬಿಲ್ ಹೋದದ್ದೂ ಹಾಗೇ. ಆದರೆ ಬರ್ಡ್ ರೂಲ್ ಅಂತ ಒಂದಿದೆ. ಸರ್ಕಾರದ ಆದಾಯ ಖರ್ಚಿಗೆ ಸಂಬಂಧಪಟ್ಟದ್ದನ್ನು ಮಾತ್ರ ಮುಟ್ಟಬಹುದು. ಅದಕ್ಕೇ "ವಿಮೆ ಇರಲೇಬೇಕು" ಅನ್ನುವ ವಾಕ್ಯ ಕಾನೂನಿನಲ್ಲಿ ಇವತ್ತಿಗೂ ಹಾಗೇ ಇದೆ. ದಂಡದ ಜಾಗದಲ್ಲಿ ಮಾತ್ರ ಸೊನ್ನೆ.

ಆ ಸೊನ್ನೆ ಮಾಡಿದ ರಗಳೆ ನೋಡಿ. ಟೆಕ್ಸಾಸ್ ಮತ್ತು ಜೊತೆಗಿನ ರಾಜ್ಯಗಳು ಕೋರ್ಟಿಗೆ ಹೋದವು. 2012ರಲ್ಲಿ ತೆರಿಗೆ ಅಂತ ಉಳಿಸಿದಿರಿ, ಈಗ ತೆರಿಗೆಯೇ ಸೊನ್ನೆ, ಹಾಗಾಗಿ ಕಡ್ಡಾಯ ಅಸಿಂಧು, ಅದರ ಜೊತೆ ಇಡೀ ಒಬಾಮಾಕೇರ್ ಅಸಿಂಧು ಅನ್ನುವುದು ಅವರ ವಾದ. 2018ರ ಡಿಸೆಂಬರ್‌ನಲ್ಲಿ ಟೆಕ್ಸಾಸ್‌ನ ಫೆಡರಲ್ ಜಡ್ಜ್ ಒಪ್ಪಿಯೂ ಬಿಟ್ಟರು. ಮೊದಲೇ ಇರುವ ಕಾಯಿಲೆಗೂ ವಿಮೆ ಕೊಡಬೇಕು, 26 ವರ್ಷದವರೆಗೆ ಮಕ್ಕಳು ಅಪ್ಪ ಅಮ್ಮನ ಪ್ಲಾನ್‌ನಲ್ಲಿ ಇರಬಹುದು, ಎಲ್ಲವೂ ಹೋಗುತ್ತಿತ್ತು. ಕೊನೆಗೆ 2021ರ ಜೂನ್ 17ಕ್ಕೆ ಸುಪ್ರೀಂ ಕೋರ್ಟ್ 7-2ರಲ್ಲಿ "ಸೊನ್ನೆ ದಂಡದಿಂದ ನಿಮಗೆ ಆದ ತೊಂದರೆ ಏನು, ಕೇಸ್ ಹಾಕುವ ಹಕ್ಕೇ ನಿಮಗಿಲ್ಲ" ಅಂತ ವಾಪಸ್ ಕಳಿಸಿತು. ಅಲ್ಲಿವರೆಗೆ ಶುಗರ್, ಬಿಪಿ ಇದ್ದವರೆಲ್ಲ ಜೀವ ಕೈಲಿ ಹಿಡಿದು ಕೂತಿದ್ದರು. ಆರೋಗ್ಯದ ಕಾನೂನು ಅಂತಲೇ ಕೂತು ಬರೆದಿದ್ದರೆ "ಕಡ್ಡಾಯ ತೆಗೆದಿದ್ದೇವೆ, ಉಳಿದದ್ದು ಹಾಗೇ ಇರುತ್ತದೆ" ಅಂತ ಒಂದು ಸಾಲು ಸೇರಿಸುತ್ತಿದ್ದರು. ಬಜೆಟ್ ದಾರಿಯಲ್ಲಿ ಆ ಸಾಲು ಬರೆಯಲು ಆಗುವುದಿಲ್ಲ.

ನೈಟ್ ಶಿಫ್ಟ್ ನರ್ಸ್

ಶಾಸ್ತ್ರಿಗಳೇ, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಥ್ಯಾಂಕ್ಸ್.

ಹುಬ್ಳಿ ಹುಡ್ಗ

ಎಲ್ಲಾ ಸರಿ. ಆದರೆ ಆಕಾಶ ಬಿತ್ತಾ? 2019ರಿಂದ ದಂಡ ಸೊನ್ನೆ. ಒಬಾಮಾಕೇರ್ ಪ್ಲಾನ್ ಸಿಗುವ ಮಾರ್ಕೆಟ್‌ಪ್ಲೇಸ್‌ನಲ್ಲಿ 2019, 2020 ಎರಡೂ ವರ್ಷ 1 ಕೋಟಿ 14 ಲಕ್ಷದ ಆಸುಪಾಸು ಜನ ಸೇರಿದರು. 2025ಕ್ಕೆ 2 ಕೋಟಿ 40 ಲಕ್ಷ ದಾಟಿತು. ಸಿಬಿಒ ಹೇಳಿದ 1 ಕೋಟಿ 30 ಲಕ್ಷ ಜನ ಎಲ್ಲಿ ಹೋದರು? ದಂಡ ಇಲ್ಲದಿದ್ದರೂ ಬೇಕಾದವರು ತಗೊಂಡೇ ತಗೊಳ್ಳುತ್ತಾರೆ ಅಂತ ಸಾಬೀತಾಯಿತಲ್ಲ.

ಕೂಪರ್ಟಿನೊ ಕಿಟ್ಟಿ

+1. ಅಗ್ಗ ಮಾಡಿ, ಜನ ತಾನಾಗಿಯೇ ಬರುತ್ತಾರೆ.

ಲೆಕ್ಕದ ಬುಕ್ಕು

ಅಗ್ಗ ಮಾಡಿದ್ದು ಯಾವುದರಿಂದ ಕಿಟ್ಟಿ? ಅದೂ ಟ್ಯಾಕ್ಸ್ ಕ್ರೆಡಿಟ್ಟೇ, ಅಂದರೆ ಪ್ರೀಮಿಯಂ ಕಟ್ಟಲು ತೆರಿಗೆ ಮೂಲಕ ಕೊಡುವ ಸಬ್ಸಿಡಿ. 2021ರ ಕೋವಿಡ್ ಪ್ಯಾಕೇಜ್‌ನಲ್ಲಿ ಪ್ರೀಮಿಯಂ ಕ್ರೆಡಿಟ್ ಜಾಸ್ತಿ ಮಾಡಿದರು, 2022ರ ಕಾನೂನಿನಲ್ಲಿ 2025ರ ಕೊನೆವರೆಗೆ ಮುಂದುವರಿಸಿದರು. ಅದಕ್ಕೇ ಸಂಖ್ಯೆ ಡಬಲ್ ಆಗಿದ್ದು. ಈಗ ಅದು ಮುಗಿಯಿತು. 2025ರ ಅಕ್ಟೋಬರ್ 1ರಿಂದ 43 ದಿನ ಸರ್ಕಾರ ಬಂದ್ ಆಗಿದ್ದೂ ಇದೇ ಜಗಳಕ್ಕೆ. 2026ರ ಪ್ಲಾನ್‌ಗೆ ಒಬ್ಬರೇ ಇರುವವರ ಆದಾಯ 62,600 ಡಾಲರ್ ದಾಟಿದರೆ ಒಂದು ಪೈಸೆ ಕ್ರೆಡಿಟ್ ಇಲ್ಲ. ನೂರು ಡಾಲರ್ ಜಾಸ್ತಿ ದುಡಿದು ಸಾವಿರಾರು ಡಾಲರ್ ಕಳೆದುಕೊಳ್ಳುವವರನ್ನು ಈ ವರ್ಷ ನಾನು ನೋಡುತ್ತೇನೆ. ಅವರಿಗೆ ಈಗಲೇ ಹೇಳುತ್ತಿದ್ದೇನೆ, ನಿವೃತ್ತಿ ಉಳಿತಾಯ ಖಾತೆಗಳಾದ 401ಕೆ ಅಥವಾ ಐಆರ್‌ಎಗೆ ಹಾಕಿ ಆದಾಯ ಇಳಿಸಿಕೊಳ್ಳಿ ಅಂತ.

ಮೆಲ್ಬರ್ನ್ ಭಟ್ರು

ನಿಮ್ಮ ಊರಿನ ಗಲಾಟೆ ಓದಿ ತಲೆ ತಿರುಗಿತು ಮಾರಾಯ್ರೆ. ಇಲ್ಲಿ ಆಸ್ಟ್ರೇಲಿಯಾದಲ್ಲಿ ಬಹುತೇಕ ಎಲ್ಲರ ಮೇಲೂ 2% ಮೆಡಿಕೇರ್ ಲೆವಿ. ಅದರಿಂದ ಸರ್ಕಾರಿ ಚಿಕಿತ್ಸೆ ಸಿಗುತ್ತದೆ. ದುಡ್ಡು ಜಾಸ್ತಿ ಇದ್ದು ಖಾಸಗಿ ಆಸ್ಪತ್ರೆ ವಿಮೆ ತಗೊಳ್ಳದಿದ್ದರೆ ಅದರ ಮೇಲೆ ಇನ್ನೂ 1ರಿಂದ 1.5%. ಪೂರ್ತಿ ಟ್ಯಾಕ್ಸ್ ಆಫೀಸಿನದೇ ಕೆಲಸ. ಯಾರೂ ಸುಪ್ರೀಂ ಕೋರ್ಟಿಗೆ ಓಡುವುದಿಲ್ಲ. ನಾನಂತೂ ಆ 1% ಉಳಿಸಲು ಅತಿ ಅಗ್ಗದ ಪ್ಲಾನ್ ಇಟ್ಟುಕೊಂಡಿದ್ದೇನೆ. ಅದರಲ್ಲಿ ಏನೇನು ಸಿಗುತ್ತದೆ ಅಂತ ಇವತ್ತಿಗೂ ಓದಿ ನೋಡಿಲ್ಲ.

ನೈಟ್ ಶಿಫ್ಟ್ ನರ್ಸ್

ಭಟ್ರೇ, ಓದಿ. ದಯವಿಟ್ಟು ಓದಿ.

ಬಸವನಗುಡಿ ಬೆಂಚು

ನಮ್ಮಲ್ಲಿ ಕಡ್ಡಾಯ ಅಂತ ಇರುವುದು ಮುಖ್ಯವಾಗಿ ಇಎಸ್ಐ, ಅಂದರೆ ನೌಕರರ ರಾಜ್ಯ ವಿಮೆ. ಸಂಬಳ 21,000 ರೂಪಾಯಿ ಒಳಗಿನವರಿಗೆ, ನೌಕರರಿಂದ 0.75%, ಮಾಲೀಕರಿಂದ 3.25%. ಉಳಿದವರಿಗೆ ಬರೀ ಆಸೆ ತೋರಿಸುವುದು, 80ಡಿ ಅಂತ. ಪ್ರೀಮಿಯಂ 25,000 ರೂಪಾಯಿವರೆಗೆ ಆದಾಯದಲ್ಲಿ ಕಳೆಯಬಹುದು, ಹಿರಿಯ ನಾಗರಿಕರಿಗೆ 50,000. ಆದರೆ ಹೊಸ ತೆರಿಗೆ ಪದ್ಧತಿಯಲ್ಲಿ 80ಡಿ ಇಲ್ಲವೇ ಇಲ್ಲ. 2023ರಿಂದ ಹೊಸದೇ ಡಿಫಾಲ್ಟ್. ಇನ್ಶೂರೆನ್ಸ್ ಬೇಡ ಅಂತ ಯಾರೂ ಹೇಳಲಿಲ್ಲ, ಚರ್ಚೆಯೂ ಆಗಲಿಲ್ಲ. ಟ್ಯಾಕ್ಸ್ ಸ್ಲ್ಯಾಬ್ ಬದಲಾಯಿಸುವಾಗ ಜೊತೆಗೆ ಅದೂ ಹೋಯಿತು. ಶಾಸ್ತ್ರಿಗಳು ಹೇಳಿದ ಕಥೆಯೇ, ಸಣ್ಣ ಮಟ್ಟದಲ್ಲಿ.

ಆದರೆ 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆ ಮೇಲಿನ 18% ಜಿಎಸ್‌ಟಿ ತೆಗೆದರು. ಅದಕ್ಕೆ ಯಾರೂ "ತೆರಿಗೆ ದಾರಿಯಲ್ಲಿ ಮಾಡಬಾರದಿತ್ತು" ಅನ್ನಲಿಲ್ಲ!

ದೋಸೆ ಕಾವಲಿ

ಎಲ್ಲರೂ ಒಬ್ಬೊಬ್ಬರ ಮ್ಯಾಂಡೇಟ್, ಅಂದರೆ ಕಡ್ಡಾಯದ ಬಗ್ಗೆಯೇ ಮಾತಾಡುತ್ತಿದ್ದೀರಿ. ಮಾಲೀಕರ ಮ್ಯಾಂಡೇಟ್ ಇನ್ನೂ ಜೀವಂತ ಇದೆ ಸ್ವಾಮಿ! ನಂದು ಹೋಟೆಲ್. ವಾರಕ್ಕೆ 30 ಗಂಟೆ ಕೆಲಸ ಮಾಡುವವರನ್ನು ಫುಲ್ ಟೈಮ್ ಅಂತ ಲೆಕ್ಕ ಹಾಕಿ, ಪಾರ್ಟ್ ಟೈಮ್‌ನವರ ಗಂಟೆಗಳನ್ನೂ ಕೂಡಿಸಿ, 50 ಆಯಿತು ಅಂದರೆ ಇನ್ಶೂರೆನ್ಸ್ ಕೊಡಬೇಕು, ಇಲ್ಲವೇ ಐಆರ್‌ಎಸ್‌ಗೆ ದಂಡ. ಎರಡನೇ ಬ್ರಾಂಚ್‌ಗೆ ಜಾಗ ನೋಡಿದ್ದೆ. ಈ ಲೆಕ್ಕ ಹಾಕಿ ಕೈಬಿಟ್ಟೆ. ಟ್ಯಾಕ್ಸ್ ಬಿಲ್‌ನಲ್ಲಿ ಅವರದ್ದು ಸೊನ್ನೆ ಮಾಡಿ ನಮ್ಮದನ್ನು ಯಾಕೆ ಬಿಟ್ಟರು?

ಸಿಂಗಾಪುರ ಸುಬ್ಬು

ಎರಡನೇ ಬ್ರಾಂಚ್ ಹೆಂಡತಿ ಹೆಸರಿನಲ್ಲಿ ಬೇರೆ ಕಂಪನಿ ಮಾಡಿ. ಮುಗಿಯಿತು.

ಲೆಕ್ಕದ ಬುಕ್ಕು

ಸುಬ್ಬು, ಸುಮ್ನೆ ಜನರನ್ನು ಹಳ್ಳಕ್ಕೆ ತಳ್ಳಬೇಡಿ. ಒಂದೇ ಕುಟುಂಬದ ಹಿಡಿತದಲ್ಲಿರುವ ಕಂಪನಿಗಳನ್ನು ಒಟ್ಟಿಗೆ ಎಣಿಸುವ ನಿಯಮ ಇದೆ. ಗಂಡ ಹೆಂಡತಿ ವಿಷಯದಲ್ಲಿ ವಿನಾಯಿತಿ ಸಿಗುವುದು ಬಹಳ ಕಷ್ಟ.

ಕಾವಲಿ ಅವರೇ, ನಿಮ್ಮ ಪ್ರಶ್ನೆಗೆ ಉತ್ತರ: ಮಾಲೀಕರ ದಂಡ ತೆಗೆದರೆ ಸರ್ಕಾರಕ್ಕೆ ನಿಜಕ್ಕೂ ನಷ್ಟ. ಟ್ಯಾಕ್ಸ್ ಬಿಲ್‌ಗೆ ಉಳಿತಾಯ ಬೇಕಿತ್ತು, ನಷ್ಟ ಬೇಕಿರಲಿಲ್ಲ.

ಸೆನೆಟ್ ಶಾಸ್ತ್ರಿ

ಬುಕ್ಕು ಅವರೇ, ಈಗ ನೀವೇ ನನ್ನ ವಾದ ಮಂಡಿಸಿದಿರಿ. ಯಾವುದು ಉಳಿಯಬೇಕು ಯಾವುದು ಹೋಗಬೇಕು ಅಂತ ತೀರ್ಮಾನಿಸಿದ್ದು ಲಾಭ ನಷ್ಟದ ಕಾಲಂ!

ಲೆಕ್ಕದ ಬುಕ್ಕು

ಬಜೆಟ್ ಅಂದರೆ ಅದೇ ಅಲ್ವಾ ಶಾಸ್ತ್ರಿಗಳೇ. ಈ ದೇಶದಲ್ಲಿ ಇನ್ಶೂರೆನ್ಸ್ ಕೆಲಸಕ್ಕೆ ಅಂಟಿಕೊಂಡಿದ್ದೂ ತೆರಿಗೆಯಿಂದಲೇ. ಎರಡನೇ ಮಹಾಯುದ್ಧದಲ್ಲಿ ಸಂಬಳ ಏರಿಸುವ ಹಾಗಿರಲಿಲ್ಲ, ಕಂಪನಿಗಳು ಬದಲಿಗೆ ವಿಮೆ ಕೊಟ್ಟವು. 1954ರ ತೆರಿಗೆ ಕಾನೂನು ಆ ವಿಮೆಗೆ ತೆರಿಗೆ ಇಲ್ಲ ಅಂತ ಗಟ್ಟಿ ಮಾಡಿತು. ಇವತ್ತು ಐಟಿ ಕಂಪನಿಯಲ್ಲಿ ಇರುವ ನಿಮಗೆಲ್ಲ ಸಿಗುತ್ತಿರುವ ಅತಿ ದೊಡ್ಡ ಸಬ್ಸಿಡಿ ಅದು, ಪೇ ಸ್ಲಿಪ್‌ನಲ್ಲಿ ಕಾಣುವುದಿಲ್ಲ ಅಷ್ಟೇ. ಆರೋಗ್ಯ ಬೇರೆ ತೆರಿಗೆ ಬೇರೆ ಅಂತ ಇಲ್ಲಿ ಗೆರೆ ಎಳೆಯಲು ಎಲ್ಲಿಂದ ಶುರು ಮಾಡುತ್ತೀರಿ?

ಸೆನೆಟ್ ಶಾಸ್ತ್ರಿ

ಮಸಾಚುಸೆಟ್ಸ್‌ನಿಂದ ಶುರು ಮಾಡುತ್ತೇನೆ. 2006ರಲ್ಲಿ ರಾಮ್ನಿ ಗವರ್ನರ್ ಆಗಿದ್ದಾಗ ಅಲ್ಲಿ ಕಡ್ಡಾಯ ಬಂದದ್ದು ಆರೋಗ್ಯದ ಕಾನೂನಾಗಿಯೇ. ವಸೂಲಿ ಮಾತ್ರ ರಾಜ್ಯದ ತೆರಿಗೆ ರಿಟರ್ನ್‌ನಲ್ಲಿ. ತೆರಿಗೆ ಇಲಾಖೆ ಗುಮಾಸ್ತಿಕೆ ಮಾಡಲಿ, ಯಜಮಾನಿಕೆ ಬೇಡ. ನ್ಯೂಜೆರ್ಸಿಯೂ ಹಾಗೇ ಮಾಡಿತು. 2018ರಲ್ಲಿ ಪ್ರತ್ಯೇಕ ಕಾನೂನು ತಂದು, ಬಂದ ದಂಡವನ್ನು ಪ್ರೀಮಿಯಂ ಇಳಿಸುವ ರೀಇನ್ಶೂರೆನ್ಸ್‌ಗೆ ಹಾಕುತ್ತಾರೆ. ಎಡಿಸನ್ ಅವರೇ, ನಿಮ್ಮ ಭಾವಮೈದನ ದಂಡ ಅಲ್ಲಿಗೆ ಹೋಗುತ್ತದೆ ಅಂತ ಹೇಳಿ, ಸಮಾಧಾನ ಆಗಬಹುದು.

ಎಡಿಸನ್ ಕನ್ನಡಿಗ

ಹೇಳಿದೆ. ಸಮಾಧಾನ ಆಗಲಿಲ್ಲ.

ತುಮಕೂರು ತವರು

ನೀವು ಕಾನೂನು ಮಾತಾಡಿ, ನನಗೆ ಅಪ್ಪ ಅಮ್ಮನ ಚಿಂತೆ. ಇಬ್ಬರಿಗೂ ಗ್ರೀನ್ ಕಾರ್ಡ್ ಬಂದು ಎರಡು ವರ್ಷ. ವಯಸ್ಸು 65 ದಾಟಿದೆ. ಐದು ವರ್ಷ ಆಗುವವರೆಗೆ ಹಿರಿಯರ ಸರ್ಕಾರಿ ವಿಮೆ ಮೆಡಿಕೇರ್ ಇಲ್ಲ, ನಮ್ಮ ರಾಜ್ಯದಲ್ಲಿ ಮೆಡಿಕೈಡೂ ಇಲ್ಲ. ಅವರು ಬೇರೆ ಮನೆ ಮಾಡಿಕೊಂಡು ಬೇರೆ ರಿಟರ್ನ್ ಹಾಕುತ್ತಾರೆ, ಊರಿನ ಬಾಡಿಗೆ ಬಿಟ್ಟರೆ ಆದಾಯ ಇಲ್ಲ. ಇಷ್ಟು ದಿನ ಮಾರ್ಕೆಟ್‌ಪ್ಲೇಸ್‌ನಲ್ಲಿ ಕ್ರೆಡಿಟ್ ಸಿಗುತ್ತಿತ್ತು. ಈ ವರ್ಷದಿಂದ ಸಿಗುವುದಿಲ್ಲ ಅಂತ ಪತ್ರ ಬಂತು. ಅಮ್ಮನಿಗೆ ಥೈರಾಯ್ಡ್, ಅಪ್ಪನಿಗೆ ಸ್ಟೆಂಟ್ ಹಾಕಿದೆ. ಪತ್ರ ಓದಿದ ಮೇಲೆ ಅಪ್ಪ ತನ್ನ ಮಾತ್ರೆ ಡಬ್ಬಿ ತಂದು ಟೇಬಲ್ ಮೇಲೆ ಸುರಿದು, ಊರಿಂದ ತಂದದ್ದು ಎಷ್ಟು ತಿಂಗಳಿಗೆ ಬರುತ್ತದೆ ಅಂತ ಎಣಿಸುತ್ತಾ ಕೂತರು. ಇದು ಯಾವಾಗ ಬದಲಾಯಿತು? ನನಗೆ ಸುದ್ದಿಯೇ ಗೊತ್ತಾಗಲಿಲ್ಲ.

ಲೆಕ್ಕದ ಬುಕ್ಕು

ಅಮ್ಮಾ, 2025ರ ಜುಲೈ 4ಕ್ಕೆ ಟ್ರಂಪ್ ಸಹಿ ಹಾಕಿದ ದೊಡ್ಡ ಬಿಲ್‌ನಲ್ಲಿ. ಟಿಪ್ಸ್ ಮೇಲೆ ತೆರಿಗೆ ಇಲ್ಲ, ಓವರ್‌ಟೈಮ್ ಮೇಲೆ ತೆರಿಗೆ ಇಲ್ಲ ಅಂತ ಸುದ್ದಿ ಆಯಿತಲ್ಲ, ಅದೇ. ಬಡತನ ರೇಖೆಗಿಂತ ಕಡಿಮೆ ಆದಾಯ ಇದ್ದು, ವಲಸೆ ನಿಯಮದಿಂದ ಮೆಡಿಕೈಡ್ ಸಿಗದವರಿಗೆ ಕ್ರೆಡಿಟ್ ಕೊಡುವ ಅವಕಾಶ ಇತ್ತು. ಅದನ್ನು 2026ರಿಂದ ತೆಗೆದರು. ಪ್ಲಾನ್ ಕೊಳ್ಳಲು ಅಡ್ಡಿ ಇಲ್ಲ, ಪೂರ್ತಿ ಬೆಲೆ ಕೊಡಬೇಕು. ಆ ವಯಸ್ಸಿಗೆ ಒಬ್ಬೊಬ್ಬರಿಗೆ ತಿಂಗಳಿಗೆ ಸಾವಿರ ಡಾಲರ್ ದಾಟುವುದು ಮಾಮೂಲು.

ಅವರ ಆದಾಯ ಆ ರೇಖೆ ದಾಟುತ್ತದಾ ಅಂತ ಮೊದಲು ನೋಡಿ. ಗ್ರೀನ್ ಕಾರ್ಡ್‌ನವರು ಊರಿನ ಬಾಡಿಗೆ, ಎಫ್‌ಡಿ ಬಡ್ಡಿ, ಪಿಂಚಣಿ ಎಲ್ಲವನ್ನೂ ಇಲ್ಲಿ ತೋರಿಸಲೇಬೇಕು. ಬಹಳ ಜನ ಅದನ್ನು ಬಿಟ್ಟುಬಿಡುತ್ತಾರೆ. ಎಲ್ಲ ಸೇರಿಸಿದಾಗ ದಾಟಿದರೆ ಕ್ರೆಡಿಟ್‌ಗೆ ದಾರಿ ಇರುತ್ತದೆ. ಇದನ್ನು ಇಲ್ಲೇ ಓದಿ ಮಾಡಬೇಡಿ, ಕಾಗದ ಪತ್ರ ಹಿಡಿದುಕೊಂಡು ನಿಮ್ಮೂರಿನ ಅಕೌಂಟೆಂಟ್ (ಸಿಪಿಎ) ಹತ್ತಿರ ಕೂತು ಮಾಡಿ.

ಸೆನೆಟ್ ಶಾಸ್ತ್ರಿ

ಎಚ್-1ಬಿಯವರೂ ಕೇಳಿಸಿಕೊಳ್ಳಿ. ಅದೇ ಬಿಲ್ ಪ್ರಕಾರ 2027ರಿಂದ ಪ್ರೀಮಿಯಂ ಕ್ರೆಡಿಟ್ ಸಿಗುವುದು ಸಿಟಿಜನ್‌ಗಳು, ಗ್ರೀನ್ ಕಾರ್ಡ್‌ನವರು ಮತ್ತೆ ಒಂದೆರಡು ಸಣ್ಣ ಗುಂಪಿಗೆ ಮಾತ್ರ. ಎಚ್-1ಬಿ, ಅವರ ಕುಟುಂಬದ ಎಚ್-4, ಎಫ್-1 ಯಾರಿಗೂ ಇಲ್ಲ. ಕೆಲಸ ಇದ್ದಾಗ ಕಂಪನಿ ವಿಮೆ ಇರುತ್ತದೆ, ಗೊತ್ತಾಗುವುದಿಲ್ಲ. ಲೇಆಫ್ ಆದ ತಿಂಗಳು ಗೊತ್ತಾಗುತ್ತದೆ. ಸೆನೆಟ್‌ನಲ್ಲಿ 50-50 ಆಗಿ ಉಪಾಧ್ಯಕ್ಷ ವಾನ್ಸ್ ಮತದಿಂದ ಪಾಸಾದ ಬಿಲ್. ಇಷ್ಟು ಜನರ ಇನ್ಶೂರೆನ್ಸ್ ಬದಲಾಗುತ್ತದೆ ಅನ್ನುವುದು ಟಿಪ್ಸ್ ಸುದ್ದಿಯ ಅಡಿಯಲ್ಲಿ ಮುಚ್ಚಿಹೋಯಿತು. ತುಮಕೂರಿನವರಿಗೆ ಸುದ್ದಿಯೇ ಗೊತ್ತಾಗದ್ದು ಅವರ ತಪ್ಪಲ್ಲ.

ಆಸ್ಟಿನ್ ಅತ್ತೆ

ನನ್ನ ತೆರಿಗೆಯಲ್ಲಿ ಬೇರೆಯವರ ಅಪ್ಪ ಅಮ್ಮನಿಗೆ ಯಾಕೆ ಕ್ರೆಡಿಟ್ ಕೊಡಬೇಕು? ಕಟುವಾಗಿ ಕೇಳುತ್ತಿದ್ದೇನೆ ಅನಿಸಬಹುದು. ಆದರೆ ಕರೆಸುವಾಗ "ನಾನು ನೋಡಿಕೊಳ್ಳುತ್ತೇನೆ" ಅಂತ ಅಫಿಡವಿಟ್‌ಗೆ ಸಹಿ ಹಾಕಿರುತ್ತೇವೆ. ನಾನೂ ಹಾಕಿದ್ದೇನೆ. ಐದು ವರ್ಷ ನಾನೇ ಕಟ್ಟಿದೆ.

ತುಮಕೂರು ತವರು

ಕಟ್ಟುವುದಿಲ್ಲ ಅಂತ ನಾನೆಲ್ಲಿ ಹೇಳಿದೆ ಅತ್ತೆ? ಮೊದಲೇ ಗೊತ್ತಿದ್ದರೆ ತಯಾರಿ ಮಾಡಿಕೊಳ್ಳುತ್ತಿದ್ದೆ.

ನೈಟ್ ಶಿಫ್ಟ್ ನರ್ಸ್

ಸ್ಟೆಂಟ್ ಹಾಕಿದವರ ಮಾತ್ರೆ ಒಂದು ದಿನವೂ ತಪ್ಪಬಾರದು. ದುಡ್ಡು ಉಳಿಸಲು ದಿನ ಬಿಟ್ಟು ದಿನ ತಗೊಳ್ಳುವುದನ್ನು ನಾನು ಬಹಳ ನೋಡಿದ್ದೇನೆ, ಬೇಡ. ನಿಮ್ಮ ಊರಿನಲ್ಲಿ ಕಮ್ಯುನಿಟಿ ಹೆಲ್ತ್ ಸೆಂಟರ್ ಇದೆಯಾ ನೋಡಿ. ಆದಾಯ ನೋಡಿ ಫೀಸ್ ತಗೊಳ್ಳುತ್ತಾರೆ. ಮಾತ್ರೆಗಳನ್ನು ಜೆನರಿಕ್‌ನಲ್ಲಿ ಬರೆಸಿಕೊಂಡರೆ ಬಹಳಷ್ಟು ಅಗ್ಗಕ್ಕೆ ಸಿಗುತ್ತವೆ. ಮೆಸೇಜ್ ಮಾಡಿ, ಏನು ಕೇಳಬೇಕು ಅಂತ ಹೇಳುತ್ತೇನೆ.

ಹುಬ್ಳಿ ಹುಡ್ಗ

ದಂಡ ಹೋದದ್ದು ಒಳ್ಳೆಯದೇ ಅಂತ ಈಗಲೂ ಹೇಳುತ್ತೇನೆ. ಆದರೆ ಶಾಸ್ತ್ರಿಗಳು ಹೇಳಿದ ಒಂದು ಮಾತು ಒಪ್ಪುತ್ತೇನೆ. ನನ್ನ ದಂಡ ತೆಗೆದ ದಾರಿಯಲ್ಲೇ ಇವರ ಕ್ರೆಡಿಟ್ಟೂ ಹೋಯಿತು. ಆವಾಗ ನಾನು ಪಾರ್ಟಿ ಮಾಡಿದ್ದೆ.

ಮೆಲ್ಬರ್ನ್ ಭಟ್ರು

ಪ್ಲಾನ್ ಓದಿದೆ. ಮಂಡಿ ಚಿಪ್ಪು ಬದಲಾಯಿಸುವುದು ಅದರಲ್ಲಿ ಇಲ್ಲವಂತೆ. ಮೊನ್ನೆಯಿಂದ ಮಂಡಿ ನೋಯುತ್ತಿದೆ.

ಎಡಿಸನ್ ಕನ್ನಡಿಗ

ಹ್ಹಹ್ಹ. ಕೊನೆಯ ಪ್ರಶ್ನೆ ಬುಕ್ಕು ಸಾರ್. ಭಾವಮೈದ ಇಲ್ಲಿಗೆ ಬಂದದ್ದು ಏಪ್ರಿಲ್‌ನಲ್ಲಿ. ಟೆಕ್ಸಾಸ್‌ನಲ್ಲಿ ಇದ್ದ ತಿಂಗಳುಗಳಿಗೂ ನ್ಯೂಜೆರ್ಸಿ ದಂಡ ಬೀಳುತ್ತದಾ?

ಲೆಕ್ಕದ ಬುಕ್ಕು

ಇಲ್ಲ. ನ್ಯೂಜೆರ್ಸಿ ನಿವಾಸಿ ಆಗಿದ್ದ ತಿಂಗಳಿಗೆ ಮಾತ್ರ. ಸಾಫ್ಟ್‌ವೇರ್‌ನಲ್ಲಿ ಪಾರ್ಟ್ ಇಯರ್ ರೆಸಿಡೆಂಟ್ ಅಂತ ಹಾಕಿದ್ದಾನಾ ನೋಡಿ, ಬಹಳ ಜನ ಅಲ್ಲೇ ಎಡವುತ್ತಾರೆ. ಆಮೇಲೆ ವಿನಾಯಿತಿ ಪಟ್ಟಿ ಪೂರ್ತಿ ಓದಿ. ಸಣ್ಣ ಗ್ಯಾಪ್, ಆದಾಯಕ್ಕೆ ಹೋಲಿಸಿದರೆ ದುಬಾರಿ ಪ್ರೀಮಿಯಂ, ಇವಕ್ಕೆಲ್ಲ ವಿನಾಯಿತಿ ಇದೆ. ಕೇಳಿದರೆ ಮಾತ್ರ ಸಿಗುತ್ತದೆ, ತಾನಾಗಿ ಯಾರೂ ಕೊಡುವುದಿಲ್ಲ.

ಎಡಿಸನ್ ಕನ್ನಡಿಗ

ಪೂರ್ತಿ ವರ್ಷ ರೆಸಿಡೆಂಟ್ ಅಂತ ಹಾಕಿದ್ದಾನೆ ಸಾರ್. ಈಗ ತಿದ್ದಿಸುತ್ತೇನೆ.

ದೋಸೆ ಕಾವಲಿ

ನನ್ನ ಎರಡನೇ ಬ್ರಾಂಚ್‌ಗೂ ಯಾರಾದರೂ ಒಂದು ವಿನಾಯಿತಿ ಹುಡುಕಿಕೊಡಿ. ಎಡಿಸನ್ ಕಡೆಯವರಿಗೆಲ್ಲ ಬೆಣ್ಣೆ ದೋಸೆ ಫ್ರೀ.

ನಿರ್ವಾಹಕ

ದೋಸೆ ವಿಷಯಕ್ಕೆ ಬೇರೆ ಥ್ರೆಡ್ ತೆರೆಯಿರಿ. ಗ್ರೀನ್ ಕಾರ್ಡ್ ಪೋಷಕರ ವಿಮೆಗೂ ಒಂದು ತೆರೆದಿದ್ದೇನೆ, ಮೇಲೆ ಪಿನ್ ಮಾಡಿದೆ.